ಮಂಚಕ್ಕೆ ತೂಗುಹಾಕಿದ್ದ ಮೂರಕ್ಷರ

ನಮ್ಮ ಮನೆತನದಲ್ಲಿ ಇಂಗ್ಲಿಷ್ ಕಾಗದ ಯಾರ ಕೈಗೆ ಬಂದರೂ ಕೊನೆಗೆ ನನ್ನ ಹತ್ತಿರ ಬರುತ್ತಿತ್ತು. ತಾಲ್ಲೂಕು ಕಚೇರಿಯದು, ರಕ್ತಪರೀಕ್ಷೆಯದು, ಏನಾದರೂ ಸರಿ. ಎಂ.ಎ. ಮಾಡಿದವನು ನಾನೊಬ್ಬನೇ. ಗೊತ್ತಿಲ್ಲ ಎಂದು ಯಾರಿಗಾದರೂ ಹೇಳಿದ ನೆನಪು ನನಗಿಲ್ಲ.

ಹಿರೀಸಾವೆಯ ಸೋದರತ್ತೆಗೆ ಪಿತ್ತಕೋಶದಲ್ಲಿ ಕಲ್ಲಾಗಿ ಹಾಸನದ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿಸಿದ್ದೆವು. ರಾತ್ರಿ ಜೊತೆಗಿದ್ದ ಅವರ ಸೊಸೆ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋದ ಮೇಲೆ ನಾನು ಬಂದೆ. ಮಂಚದ ತುದಿಯಲ್ಲಿ ನೇತಾಡುತ್ತಿದ್ದ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಇಂಗ್ಲಿಷಿನ ಮೂರು ಅಕ್ಷರ: ಎನ್‌ಬಿಎಂ.

"ಅದೇನ್ಲಾ ಮಗ ಬರ್ದವ್ರೆ?" ಅತ್ತೆ ಕೇಳಿದರು. ನಾನು ತಡವರಿಸಿದೆ. "ಅಷ್ಟು ವರ್ಸ ಓದ್ಬುಟ್ಟು ಮೂರಕ್ಸರಕ್ಕೆ ಇಷ್ಟೊತ್ತಾ?"

"ಏನಿಲ್ಲ ಬುಡತ್ತೆ, ಅವ್ರ ಲೆಕ್ಕಕ್ಕೆ ಏನೋ ಬರ್ಕಂಡವ್ರೆ."

ಹೊರಗೆ ಹೋಗಿ ಕಾಫಿ, ಬನ್ನು ತಂದುಕೊಟ್ಟೆ. ಅವರು ಬನ್ನನ್ನು ಅದ್ದಿ ಅದ್ದಿ ತಿಂದರು.

ಒಂಬತ್ತರ ಹೊತ್ತಿಗೆ ನರ್ಸ್ ಬಂದು ಲೋಟ ನೋಡಿದವರೇ ಗಾಬರಿಯಾದರು. ಅವತ್ತಿನ ಆಪರೇಷನ್ ಮುಗಿಯುವ ತನಕ ಬಾಯಿಗೆ ಏನೂ ಹಾಕಬಾರದು, 'ನಿಲ್ ಬೈ ಮೌತ್', ಎಂಬುದನ್ನೇ ಹಾಗೆ ಮೂರಕ್ಷರಕ್ಕೆ ಇಳಿಸಿದ್ದರು. ಸೊಸೆಗೂ ರಾತ್ರಿ ಹೇಳಿದ್ದರಂತೆ; ಅವಳು ನಮಗೆ ತಿಳಿಸದೆ ಹೋಗಿದ್ದಳು. "ಯಾರಮ್ಮ ಕೊಟ್ಟಿದ್ದು?"

"ಇವ್ನು ಬ್ಯಾಡ ಬ್ಯಾಡ ಅಂದ ಕಣವ್ವ," ಅತ್ತೆ ಥಟ್ಟನೆ ಹೇಳಿದರು. "ಅಸ್ವು ತಡೀನಾರ್ದೆ ನಾನೇ ತಿಂದ್ಬುಟ್ಟೆ."

"ಒಂದು ಹೊತ್ತು ತಡ್ಕೊಳ್ಳೋಕಾಗಲ್ವಾ? ಜೀವಕ್ಕೇ ಬರ್ತಿತ್ತು!"

ಬೈಗುಳ ಪೂರ್ತಿ ಅವರ ಪಾಲಿಗೆ ಬಂತು. ನಾನು ಖಾಲಿ ಲೋಟ ಎತ್ತಿಕೊಂಡು ತೊಳೆಯಲು ಹೋದೆ. ಆಪರೇಷನ್ ಮರುದಿನಕ್ಕೆ ಹೋಯಿತು. ಮಧ್ಯಾಹ್ನವಿಡೀ ಅವರು ಗೋಡೆ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

ಕಾಫಿ ತರುವ ಮುಂಚೆ, ಆ ಅಕ್ಷರಗಳ ಅರ್ಥ ನರ್ಸನ್ನು ಕೇಳೋಣವೆಂದು ಬಾಗಿಲವರೆಗೆ ಹೋಗಿ ನಾಚಿಕೆಯಿಂದ ವಾಪಸು ಬಂದಂತೆ ನನಗೆ ನೆನಪು. ನಿಜವಾಗಿ ಹೋಗಿದ್ದೆನೋ, ಆಮೇಲೆ ಸಮಾಧಾನಕ್ಕೆಂದು ಸೇರಿಸಿಕೊಂಡೆನೋ ಹೇಳಲಾರೆ. ಅವತ್ತಿನ ಡೈರಿಯಲ್ಲಿರುವುದು ಒಂದೇ ಸಾಲು: "ಅತ್ತೆ ಆಪ್. ಪೋಸ್ಟ್‌ಪೋನ್ಡ್." ಯಾರಿಂದ ಎಂಬುದನ್ನು ಬಿಟ್ಟುಬಿಡಲು ಇಂಗ್ಲಿಷಿನ ಆ ತುಂಡು ಮಾತು ಎಷ್ಟು ಅನುಕೂಲವಾಗಿದೆ!

ಅತ್ತೆ ಹುಷಾರಾದರು. ಕೆಲವು ತಿಂಗಳ ಮೇಲೆ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಕಳಿಸಿದರು. ಅದರಲ್ಲೂ ತುಂಡು ಅಕ್ಷರಗಳು. ಎರಡು ನನಗೆ ತಿಳಿಯಲಿಲ್ಲ. "ಎಲ್ಲ ಸರಿಯಿದೆ" ಎಂದು ಟೈಪ್ ಮಾಡಿದೆ. ಅಳಿಸಿ, ಫೋನ್ ಮಾಡಿದೆ.

"ಇದ್ರಲ್ಲಿ ಎರಡು ನನಗೆ ಗೊತ್ತಾಯ್ತಿಲ್ಲ ಕಣತ್ತೆ."



"ಅವತ್ತೂ ಗೊತ್ತಿರ್ನಿಲ್ಲ, ಅಲ್ವೇನ್ಲಾ?"

"ಇಲ್ಲ."

"ಸರಿ ಬುಡು. ಡಾಕ್ಟ್ರನ್ನೇ ಕೇಳ್ಕತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ ಎಂದೇ ನನ್ನ ನೆನಪು. ಆದರೆ ಆಮೇಲೆ ಓದಿ ಹೇಳು ಎಂದು ಅವರಿಂದ ಒಂದು ಕಾಗದವೂ ಬಂದಿಲ್ಲ.