ಉಸಿರು ಎಣಿಸಿದ ಅಕ್ಕ

ಗಿರಿಜಾ, ಮಲ್ಲೇಶ, ಕನ್ನಡ ನಾಡು ಒಂದಾದ ವರ್ಷ ನನ್ನ ಮಗ, ಅಂದರೆ ನಿಮ್ಮ ಅಪ್ಪ, ಎರಡು ವರ್ಷದ ಕೂಸು. ಜ್ವರ ಬಂದು ಮೂರು ದಿನವಾದರೂ ಇಳಿಯದೆ, ಸೊರಟೂರಿನಿಂದ ಬೆಟಗೇರಿಯ ದವಾಖಾನೆಗೆ ಎತ್ತಿನ ಚಕ್ಕಡಿಯಲ್ಲಿ ತಂದೆವು. ಅಲ್ಲಿ ಒಬ್ಬ ನರ್ಸಕ್ಕ ಇದ್ದರು. ಸೀರೆಗೆ ಗಡಿಯಾರ ಸಿಕ್ಕಿಸಿಕೊಂಡು, ಯಾರು ಅವಸರ ಮಾಡಿದರೂ "ತಡೀರಿ, ಒಂದು ನಿಮಿಷ ಪೂರ್ತಿ" ಎನ್ನುತ್ತಿದ್ದರು.

"ಕೂಸಿನ ಉಸುರು ಎಣಸಬೇಕವಾ" ಎಂದರು.

ಉಸಿರು ಎಣಿಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಓಣಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ನಾನು ಕೂಸಿನ ಎದೆಗೆ ಸೆರಗು ಮುಚ್ಚಿದೆ.

"ಬ್ಯಾಡ್ರೀ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ."

"ಆತು ಬಿಡವಾ, ಬರೇ ನಾಡಿ ಹಿಡೀತೇನಿ. ಸೆರಗ ತಗಿ, ಅದಕ್ಕ ಸೆಕಿ ಆಗ್ತೈತಿ."

ಮುಂಗೈ ಹಿಡಿದು ಕುಳಿತರು. ನಿಮಿಷ ಮುಗಿದದ್ದೇ ತಡ, "ಡಾಕ್ಟರ, ಜಲ್ದಿ ಬರ್ರಿ! ನಲವತ್ತರ ಒಳಗ ಇರಬೇಕಾದ ಉಸುರು ಅರವತ್ತೈತಿ" ಎಂದು ಕೂಗಿದರು. ನಾಡಿ ಹಿಡಿದಂತೆ ಮಾಡಿ ಅವರು ಎದೆಯನ್ನೇ ನೋಡುತ್ತಿದ್ದರೆಂದು ಆಗ ತಿಳಿಯಿತು. ಕೂಡಲೇ ಡಾಕ್ಟರು ಸೂಜಿ ಚುಚ್ಚಿದರು.

ದವಾಖಾನೆಗೆ ಬಂದ ನಾಲ್ಕನೆಯ ದಿನ ನರ್ಸಕ್ಕ ನನ್ನ ಕೈಯನ್ನು ಕೂಸಿನ ಎದೆಯ ಮೇಲಿಟ್ಟು, "ಈಗ ನೀನ ಎಣಸು" ಎಂದರು. ಹೆದರುತ್ತಲೇ ಎಣಿಸಿದೆ. ಇಪ್ಪತ್ತೆಂಟು.

ನಾನು ಬರೆದಿಟ್ಟ ಈ ಹಾಳೆಗಳನ್ನು ಮನೆಯ ಔಷಧದ ಡಬ್ಬಿಯಲ್ಲೇ ಜೋಪಾನವಾಗಿಡಿ. ನಿಮ್ಮ ಕೂಸುಗಳಿಗೆ ಜ್ವರ ಬಂದಾಗ ಹೆದರಿಕೆಯಾದರೂ ಎಣಿಸಿ, ಒಂದು ನಿಮಿಷ ಪೂರ್ತಿ.