ಕೂಗುವ ಎಂಜಿನ್, ನಿಂತ ಚಕ್ರ

ಕ್ಲಚ್ ಅರ್ಧ ಒತ್ತಿಕೊಂಡು ಎಂಜಿನ್ ಕೂಗಿಸುವ ಡ್ರೈವರುಗಳನ್ನು ಕಂಡರೆ ನಮ್ಮ ಭಾವನಿಗೆ ಮೈಯೆಲ್ಲ ಉರಿಯುತ್ತದೆ. ಭಾವ ಎಂದರೆ ಅಕ್ಕನ ಗಂಡ, ನೀರಿನ ಟ್ಯಾಂಕರ್ ಓಡಿಸುವವರು. ನಾನು ಗಾಡಿ ಕಲಿತದ್ದೂ ಅವರ ಪಕ್ಕದಲ್ಲೇ ಕೂತು. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. "ಚಕ್ರ ನಿಂತಿದೆ, ಎಂಜಿನ್ ಅರಚ್ಕೊಳ್ತಿದೆ. ಒಳಗೆ ಏನು ಸುಡ್ತಿದೆ ಅಂತ ಗೊತ್ತಾಗುತ್ತೇನೋ ನಿಂಗೆ?"

ಅಂಥವರ ಎಡಮಂಡಿ ಆಪರೇಷನ್ ಆದ ಮೇಲೆ ಮಡಚುವುದೇ ನಿಂತಿತು. ಕ್ಲಚ್ ಒತ್ತುವುದು ಕನಸಿನ ಮಾತು. ಟ್ಯಾಂಕರ್ ಶೆಡ್ಡಿನಲ್ಲಿ, ಭಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ. ನನಗಂತೂ ತಲೆ ಕೆಟ್ಟುಹೋಯಿತು. ಎಬ್ಬಿಸಿಕೊಂಡು, ಊರೆಲ್ಲ ಗೇರ್‌ಬಾಕ್ಸಮ್ಮ ಎಂದು ಕರೆಯುವ ಮೆಕ್ಯಾನಿಕ್‌ನ ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗಾಡಿಗಳ ರಿಪೇರಿಯಲ್ಲಿ ಆಕೆ ಎತ್ತಿದ ಕೈ.

ಆಕೆ ಟ್ಯಾಂಕರಿಗೆ ಬೇರೆ ಎಂಜಿನ್ ಕೂರಿಸಿ, ಹಿಂದೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಲು ಹೊರಟರು. ಕ್ಲಚ್ಚಿನ ಜಾಗಕ್ಕೆ ಬರುವುದು ಟಾರ್ಕ್ ಕನ್ವರ್ಟರ್. ಕುಂಬಳಕಾಯಿಯಂಥ ಕಬ್ಬಿಣದ ಡಬ್ಬಿ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಎದುರುಬದುರಾಗಿ ರೆಕ್ಕೆಯ ಚಕ್ರಗಳು. ಅಂಥ ಎರಡನ್ನು ಬೆಂಚಿನ ಮೇಲಿಟ್ಟರು.

"ಬ್ರೇಕ್ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ರೆ ಎಂಜಿನ್ ಎಲ್ಲಿವರೆಗೆ ಏರಿ ನಿಲ್ಲುತ್ತೋ ಅದು ಸ್ಟಾಲ್ ಸ್ಪೀಡ್. ಇದರದ್ದು ನಿಮಿಷಕ್ಕೆ ಸಾವಿರದೈನೂರು ಸುತ್ತು, ಅದರದ್ದು ಎರಡು ಸಾವಿರದ ಇನ್ನೂರು. ಈ ಎಂಜಿನ್‌ಗೆ ದಮ್ಮು ಬರೋದೇ ಎರಡು ಸಾವಿರ ದಾಟಿದ ಮೇಲೆ. ಜಾಸ್ತಿದೇ ಹಾಕೋಣ ಅಣ್ಣ."

"ಅಂದ್ರೆ, ಗಾಡಿ ಹೊರಡೋ ಮುಂಚೆ ಎಂಜಿನ್ ಅಷ್ಟು ಕೂಗುತ್ತಾ?" ಭಾವ ಕೇಳಿದರು.

"ಭಾರ ಇದ್ರೆ ಕೂಗುತ್ತೆ."

"ಹಾಗಾದ್ರೆ ಕಡಿಮೆದು ಹಾಕಿ."

ಆಕೆ ಎಷ್ಟು ಹೇಳಿದರೂ ಭಾವ ಜಪ್ಪಯ್ಯ ಎನ್ನಲಿಲ್ಲ. ಕಡಿಮೆಯದೇ ಬಂತು.

ಅಕ್ಕನ ಷರತ್ತು ಬೇರೆ. ಗುಡ್ಡದ ಮೇಲಿನ ಮನೆಗಳಿಗೆ ನೀರು ಒಯ್ಯುವ ದಾರಿಯಲ್ಲಿ ಕಡಿದಾದ ತಿರುವೊಂದಿದೆ. ಎದುರಿಗೆ ಗಾಡಿ ಬಂದರೆ ಅಲ್ಲೇ ನಿಲ್ಲಬೇಕು. "ಆ ತಿರುವಲ್ಲಿ ನಿಂತು, ಹಿಂದಕ್ಕೆ ಜಾರದೆ ಹೊರಟ್ರೆ ಓಡಿಸಿ. ಜಾರಿದ್ರೆ ಗಾಡಿ ಮಾರಿಬಿಡೋದು. ಒಂದು ಕಾಲು ಹೋಗಿದ್ದು ಸಾಕು ನಂಗೆ," ಎಂದವಳೇ ತಾನೂ ಹತ್ತಿ ನಮ್ಮಿಬ್ಬರ ನಡುವೆ ಕೂತಳು.

ಟ್ಯಾಂಕ್ ತುಂಬಿತ್ತು. ತಿರುವಿನಲ್ಲಿ ಭಾವ ನಿಲ್ಲಿಸಿದರು. ಬ್ರೇಕಿನಿಂದ ಕಾಲು ಆಕ್ಸಿಲರೇಟರಿಗೆ ಹೋಯಿತು. ಎಂಜಿನ್ ನರಳಿತೇ ಹೊರತು ಏರಲಿಲ್ಲ. ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್. ಇನ್ನೊಮ್ಮೆ ನೋಡಿದರು, ಮತ್ತೆ ಜಾರಿತು. ಅಕ್ಕನ ಉಗುರು ನನ್ನ ತೋಳಿಗೆ ಇಳಿದಿತ್ತು.

ಭಾವ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದರು. "ಮಾರಿಬಿಡಿ," ಎಂದರು, ಅಷ್ಟೇ. ನೀರನ್ನು ಚರಂಡಿಗೆ ಬಿಟ್ಟು, ಖಾಲಿ ಗಾಡಿಯನ್ನು ನಾನೇ ಇಳಿಸಿದೆ. ಇಂಥ ಷರತ್ತು ಹಾಕಿದಳಲ್ಲ ಎಂದು ಅಕ್ಕನ ಮೇಲೆ ನನಗೆ ಕೆಂಡದಂಥ ಸಿಟ್ಟು.

ಸಂಜೆ ನೋಡಿದರೆ, ಊಟದ ಮೇಜಿನ ಮೇಲೆ ಎರಡು ಟೇಬಲ್ ಫ್ಯಾನ್ ಮುಖಾಮುಖಿ ಕೂತಿದ್ದವು. ಒಂದಕ್ಕೆ ಮಾತ್ರ ಕರೆಂಟು. ಭಾವ ಕುಂಟುತ್ತ ಅದರ ಸುತ್ತ ತಿರುಗುತ್ತಿದ್ದರು.

"ನೋಡೇ ಇಲ್ಲಿ," ಎಂದು ಅಕ್ಕನನ್ನು ಕರೆದರು. "ಒಂದನೇ ಸ್ಪೀಡು. ಎದುರಿನ ಫ್ಯಾನ್ ಅಲ್ಲಾಡ್ತಾನೇ ಇಲ್ಲ. ಈಗ ಮೂರು." ಎದುರಿನ ಫ್ಯಾನ್ ತೂಕಡಿಸಿ, ತಿರುಗತೊಡಗಿತು. "ಮಧ್ಯೆ ಏನಾದ್ರೂ ತಾಗ್ತಿದೆಯಾ? ಇಲ್ಲ. ಕ್ಲಚ್ಚಲ್ಲಿ ತಟ್ಟೆಗೆ ತಟ್ಟೆ ಉಜ್ಜಿ ಸುಡುತ್ತೆ. ಕನ್ವರ್ಟರಲ್ಲಿ ಬರೀ ಎಣ್ಣೆ ಕಣೇ. ಬಿಸಿಯಾಗುತ್ತೆ, ತಣ್ಣಗೆ ಮಾಡೋಕೆ ಕೂಲರ್ ಇದೆ. ಎಂಜಿನ್ ಕೂಗಿದ್ರೆ ತಾನೇ ಎಣ್ಣೆ ತಳ್ಳೋದು? ನಾನು ಅದಕ್ಕೆ ಕೂಗೋಕೇ ಬಿಡ್ಲಿಲ್ಲ."

ಆಮೇಲೆ ರೆಕ್ಕೆಯ ಓರೆ, ಎಣ್ಣೆ ಸುತ್ತುವ ದಾರಿ, ಜಾಸ್ತಿ ಸ್ಟಾಲ್ ಅಂತ ಮೂರು ಸಾವಿರದ್ದು ಹಾಕಿದರೆ ಏನು ಗತಿ, ಎಲ್ಲವೂ ಬಂತು. ಅಕ್ಕ ಫ್ಯಾನ್ ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದಳು.

"ಗಾಡಿ ಮಾರೋದು ಮಾರೋದೇ, ಮಾತು ಮಾತೇ," ಎಂದರು ಭಾವ. "ಯಾಕೆ ಹತ್ತಲಿಲ್ಲ ಅಂತ ಗೊತ್ತಾಗಬೇಕಿತ್ತು, ಅಷ್ಟೇ."

"ಷರತ್ತು ಹಾಕಿದ್ದು ನಾನು ತಾನೇ? ನಾನೇ ತೆಗೆದೆ. ಆ ಕೂಗೋದನ್ನೇ ಹಾಕಿಸಿ," ಎಂದು ಅಕ್ಕ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದ ನನಗೆ ಮೆಲ್ಲಗೆ ಹೇಳಿದಳು, "ಎಷ್ಟು ದಿನ ಆಗಿತ್ತೋ ಅವರು ಇಷ್ಟು ಮಾತಾಡಿ."

ಗೇರ್‌ಬಾಕ್ಸಮ್ಮ ಕನ್ವರ್ಟರ್ ಬದಲಿಸಿದರು. ಮತ್ತೆ ಅದೇ ತಿರುವು, ತುಂಬಿದ ಟ್ಯಾಂಕ್, ನಡುವೆ ಅಕ್ಕ. ಭಾವ ಆಕ್ಸಿಲರೇಟರ್ ಒತ್ತಿದರು. ಚಕ್ರ ನಿಂತೇ ಇತ್ತು, ಎಂಜಿನ್ ಕೂಗಿತು. ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಭಾವ ಮುಖ ಕಿವುಚಿದರು. ಆದರೂ ಕಾಲು ತೆಗೆಯಲಿಲ್ಲ. ಟ್ಯಾಂಕರ್ ಒಂದಿಂಚೂ ಜಾರದೆ ಮುಂದಕ್ಕೆ ಹೊರಟಿತು.

ಗುಡ್ಡದ ಮೇಲೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ ಭಾವ ಅತ್ತುಬಿಟ್ಟರು.

"ಅಳೋದು ಆಮೇಲೆ ರೀ, ಮೊದ್ಲು ನೀರು ಬಿಡಿ. ಜನ ಕಾಯ್ತಿದ್ದಾರೆ," ಎಂದಳು ಅಕ್ಕ. ಪೈಪ್ ಎಳೆಯಲು ನಾನು ಕೆಳಗಿಳಿದೆ.