ಮಂಠಾಳಕ್ಕೆ ಪ್ರಸಾದ ಒಯ್ದವರು

ಅವರ ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಇಳಿದಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಚೀಲ ಹೊತ್ತ ಗುರುತು. ನಿವೃತ್ತಿಯಾದ ಮೇಲೂ ಹುಮನಾಬಾದಿನ ನಮ್ಮ ಓಣಿಗೆಲ್ಲ ಅವರು ಕಂಡಕ್ಟರ್ ಕಾಕಾನೇ. ಪ್ರತಿ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದೊಡನೆ ಗುರುಗಳು ಪರಮಪ್ರಸಾದವಿದ್ದ, ಅಂದರೆ ಕ್ರಿಸ್ತರೇ ಇದ್ದಾರೆಂದು ನಾವು ನಂಬುವ ರೊಟ್ಟಿಯ ಚೂರುಗಳಿದ್ದ, ಪುಟ್ಟ ಡಬ್ಬಿಯನ್ನು ಅವರ ಕೈಗಿಡುತ್ತಿದ್ದರು. ಚರ್ಚಿಗೆ ಬರಲಾಗದ ರೋಗಿಗಳಿಗೆ ಅದನ್ನು ಮುಟ್ಟಿಸುವುದು ಅವರ ಕೆಲಸ. ಡಬ್ಬಿ ಕೊರಳಿನ ಚೀಲದಲ್ಲಿ, ಅಂಗಿಯೊಳಗೆ ಎದೆಗೆ ತಾಗಿಕೊಂಡೇ ಇರುತ್ತಿತ್ತು. ವಾರವಿಡೀ ಹರಟುವ ಮನುಷ್ಯ ಆ ದಾರಿಯುದ್ದಕ್ಕೂ ತುಟಿ ಬಿಚ್ಚುತ್ತಿರಲಿಲ್ಲ. ಮಂಠಾಳದ ಬಸ್ಸಿಗೆ ಬದಲಿಸುವ ಬಸವಕಲ್ಯಾಣ ನಿಲ್ದಾಣದಲ್ಲಿ ಚಹಾ ಅಂಗಡಿಯ ಚಾಚಾ ಕರೆದರೆ, ಎದೆ ಮುಟ್ಟಿಕೊಂಡು, ಕೈ ಮುಗಿದು ಮುಂದೆ ಹೋಗುತ್ತಿದ್ದರು. ಮರಳುವಾಗ ಮಾತ್ರ ಅಲ್ಲಿ ಕೂತು ಎರಡು ಕಪ್ ಚಹಾ ಕುಡಿದು, ಕೂಡಿಟ್ಟ ಮಾತೆಲ್ಲ ಆಡಿ ಮುಗಿಸುತ್ತಿದ್ದರು.

ಅವರು ಹೋಗುತ್ತಿದ್ದ ಮನೆಗಳಲ್ಲಿ ಮಂಠಾಳದ ನನ್ನ ಅಕ್ಕನದೂ ಒಂದು. ಲಕ್ವ ಹೊಡೆದು ಆಕೆ ಹಾಸಿಗೆ ಹಿಡಿದಿದ್ದಳು. ನಾನು ಆಕೆಯ ಜತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವ್ವ ಅಕ್ಕನ ಮನೆಯಲ್ಲಿ ತೀರಿಕೊಂಡಾಗ, ನಾನು ಬರುವವರೆಗೆ ಕಾಯದೆ ಮಣ್ಣು ಮಾಡಿಬಿಟ್ಟಿದ್ದರು. ಅವ್ವನ ಮುಖ ನಾನು ನೋಡಲಿಲ್ಲ. ಅದನ್ನು ಕ್ಷಮಿಸಲು ನನ್ನಿಂದ ಆಗಿರಲಿಲ್ಲ. ಆದರೂ ಪ್ರತಿ ಭಾನುವಾರ ಸಾಲಿನಲ್ಲಿ ನಿಂತು ಪ್ರಸಾದ ಸ್ವೀಕರಿಸುತ್ತಿದ್ದೆ.

ಕಾಕಾನ ಮೊಣಕಾಲು ಬಾತ ವರ್ಷ, ಒಂದು ಭಾನುವಾರ ಚರ್ಚಿನ ಬಾಗಿಲಲ್ಲೇ ನನ್ನನ್ನು ತಡೆದರು. "ಒಬ್ಬಂವಗ ಬಸ್ ಹತ್ತಾಕ ಆಗವಲ್ದು. ಮಂಠಾಳತನಾ ಜೋಡಿ ಬಾರವ್ವಾ."

"ಬರ್ತೀನ್ರಿ ಕಾಕಾ. ಆದ್ರ ಆಕಿ ಹೊಸ್ತಿಲ ನಾ ದಾಟಂಗಿಲ್ಲ."

"ಈಗ ಪ್ರಸಾದದಾಗ ಯಾರನ್ನ ಒಳಗ ತಗೊಂಡಿ? ನಾ ಒಯ್ಯಾಕತ್ತಿದ್ದೂ ಅವನ್ನೇ. ಅಂವ ಹೋಗೋ ಮನಿಗಿ ನೀ ಹೋಗಂಗಿಲ್ಲಂದ್ರ, ನಿನ್ನೊಳಗ ಇದ್ದಾಂವ ಏನ್ ಮಾಡ್ಬೇಕು?"

ಸಿಟ್ಟು ಬಂತು. ಆದರೂ ಹೋದೆ, ಅಕ್ಕನ ಮನೆಯ ಅಂಗಳದಲ್ಲೇ ನಿಂತೆ. ಮನೆಯವರು ಹೊಲಕ್ಕೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಕಾಕಾ ಒಳಗಿನಿಂದ ಕೂಗಿದರು: "ಮಲಗಿದಲ್ಲೇ ನುಂಗಾಕ ಬರಂಗಿಲ್ಲ ಆಕಿಗಿ. ಎಬ್ಬಿಸಿ ಕೂಡಸಾಕ ನನ್ನ ಕೈಲೆ ಆಗವಲ್ದು!"

ಹೊಸ್ತಿಲು ದಾಟಿದೆ. ಅಕ್ಕನ ಬೆನ್ನಿಗೆ ತೋಳು ಕೊಟ್ಟು ಎತ್ತಿ ಕೂರಿಸಿದೆ. ಕಾಕಾ ಪ್ರಸಾದದ ಒಂದು ಚೂರು ಮುರಿದು, "ಕ್ರಿಸ್ತರ ಶರೀರ" ಎಂದರು. ಅಕ್ಕ ಸೊಟ್ಟಗಾದ ಬಾಯಲ್ಲೇ "ಆಮೆನ್" ಅಂದಳು. ಚಮಚದಲ್ಲಿ ನೀರು ಕುಡಿಸಿದೆ. ಆಮೇಲೆ ಆಕೆ ನನ್ನ ಕಡೆ ಕತ್ತು ಹೊರಳಿಸಿ ತೊದಲಿದಳು: "ತಂಗೀ, ವಜ್ಜ ಆದ್ನೇನ? ನಿನ್ನ ಕೈ ನೋಯ್ತದ, ಮಲಗಸು."

ಆರು ವರ್ಷದ ಮೇಲೆ ಆಕೆ ನನಗೆ ಆಡಿದ ಮೊದಲ ಮಾತು. ನಾನು ಮಲಗಿಸಲಿಲ್ಲ. ತೋಳು ಜೋಮು ಹಿಡಿದರೂ ಹಾಗೇ ಕೂತೆ.

ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಹೋದೆವು. ಕಾಕಾ ಪ್ರಾರ್ಥನೆ ಮುಗಿಸಿದ ಮೇಲೆ ನಾನು ಅಕ್ಕನ ತಲೆ ಬಾಚಿ, ಗಂಜಿ ಕುಡಿಸುತ್ತಿದ್ದೆ. "ಪೂಜಿ ಇನ್ನೂ ಮುಗದಿಲ್ಲ ನೋಡು," ಎನ್ನುತ್ತಲೇ ಕಾಕಾ ಗಂಜಿಯ ಬಟ್ಟಲು ನನ್ನ ಕೈಗೆ ದಾಟಿಸುತ್ತಿದ್ದರು.

ಕಳೆದ ವರ್ಷ ಅವರೇ ಹಾಸಿಗೆ ಹಿಡಿದರು. ಗುರುಗಳು ಡಬ್ಬಿಯನ್ನು ನನಗೆ ಒಪ್ಪಿಸಿದರು. ಕೊನೆಯ ಭಾನುವಾರ ಗುರುಗಳು ಮನೆಗೆ ಬಂದು ಅವರಿಗೆ ಪ್ರಸಾದ ಕೊಟ್ಟು ಹೋದರು. ಮೇಲುಸಿರು ಬಿಡುತ್ತಿದ್ದ ಕಾಕಾ ಕಣ್ಣು ತೆರೆದು, ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿದರು. "ಮಂಠಾಳಕ್ಕ ಹೊಂಟಿಲ್ಲೇನು?"

"ನಿಮ್ಮನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲಿರಿ?"

"ನನಗಂತೂ ಪ್ರಸಾದ ಸಿಕ್ತು. ಆಕಿ ಕಾಯಾಕತ್ತಾಳ. ನಡಿ."

ಹೋದೆ. ಅಕ್ಕನಿಗೆ ಪ್ರಸಾದ ಕೊಟ್ಟು, ಗಂಜಿ ಕುಡಿಸುತ್ತಿರುವಾಗ ಫೋನು ಬಂತು. ಕಾಕಾ ಹೋಗಿಬಿಟ್ಟಿದ್ದರು. ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು. ಕಣ್ಣು ಒರೆಸಿಕೊಂಡೆ, ಅದನ್ನು ಪೂರ್ತಿ ಕುಡಿಸಿಯೇ ಎದ್ದೆ.